ಹಳೆಯ ವಾಲ್ವ್, ಹೊಸ ಉಸಿರು

ಅರವತ್ತು ವರ್ಷ ಹಳೆಯ ಗಿಟಾರ್ ಆಂಪ್ಲಿಫೈಯರ್ ಕೈಗೆ ಬಂದರೆ ಎಲ್ಲಿಂದ ಶುರು ಮಾಡಬೇಕು? ಕೆಟ್ಟದ್ದನ್ನು ಹುಡುಕುವುದು ಹೇಗೆ, ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು? ದುಬೈನ ಜುಮೇರಾ ಲೇಕ್ ಟವರ್ಸ್‌ನ ಒಂದು ಮೇಜಿನ ಮೇಲೆ ಕಲಿತ ಪಾಠಗಳು, ಬೆಂಗಳೂರಿನ ಜಾಲಹಳ್ಳಿಯ ನೆನಪಿನೊಂದಿಗೆ.

ಜೂನ್ ಬಂತೆಂದರೆ ಜುಮೇರಾ ಲೇಕ್ ಟವರ್ಸ್‌ನಲ್ಲಿ ಮನೆ ಖಾಲಿ ಮಾಡುವವರ ಓಡಾಟ ಜೋರಾಗುತ್ತದೆ. ಮಕ್ಕಳ ಶಾಲೆ ಮುಗಿಯಿತು, ಕೆಲಸದ ಕರಾರು ಮುಗಿಯಿತು, ಇನ್ನೊಂದು ದೇಶಕ್ಕೆ ವರ್ಗವಾಯಿತು. ಸೋಫಾ, ವಾಷಿಂಗ್ ಮಷೀನು, ಮಕ್ಕಳ ಸೈಕಲ್ಲು ಮಾರಾಟಕ್ಕೆ ಬರುತ್ತವೆ. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ತೂಕದ ಕಪ್ಪು ಪೆಟ್ಟಿಗೆ. ಮುಂದೆ ಬೆಳ್ಳಿ ಎಳೆಯ ಬಟ್ಟೆ, ಹಿಂದೆ ಸಾಲಾಗಿ ಗಾಜಿನ ವಾಲ್ವ್‌ಗಳು. ಮಾರುವವರಿಗೆ ಅದು ಸಾಗಿಸಲಾಗದ ಭಾರ, ಕೊಳ್ಳುವವರಿಗೆ ಬಹುಕಾಲದ ಆಸೆ.

ಶೇಖ್ ಝಾಯೆದ್ ರಸ್ತೆಯ ಪಕ್ಕ, ಮರೀನಾಕ್ಕೆ ಎದುರಾಗಿ ನಿಂತ ಬಡಾವಣೆ ಇದು. ಕೃತಕ ಕೆರೆಗಳ ಸುತ್ತ ಇಂಗ್ಲಿಷ್ ಅಕ್ಷರಗಳ ಹೆಸರಿನ ಕ್ಲಸ್ಟರ್‌ಗಳು, ನಡುವೆ 68 ಮಹಡಿಯ ಅಲ್ಮಾಸ್ ಟವರ್. ಮೇಲಿನ ಮನೆಯವರು ಬ್ರಿಟನ್ನಿನವರು, ಪಕ್ಕದವರು ಫಿಲಿಪ್ಪೀನ್ಸಿನವರು, ಎದುರು ಬಾಗಿಲಿನವರು ಬಂಟ್ವಾಳದವರು. ಇಲ್ಲಿಗೆ ಬಂದಿಳಿಯುವ ಆಂಪ್ಲಿಫೈಯರ್‌ಗಳೂ ಹಾಗೆಯೇ ದೇಶದೇಶದವು. ಅಮೆರಿಕದ್ದಾದರೆ 120 ವೋಲ್ಟ್, 60 ಹರ್ಟ್ಜ್. ಜಪಾನಿನದಾದರೆ 100 ವೋಲ್ಟ್. ಬ್ರಿಟನ್ನಿನ ಹಳೆಯದಾದರೆ 240 ವೋಲ್ಟ್. ಗೋಡೆಯ ಸಾಕೆಟ್ಟಿನಲ್ಲಿ ಇರುವುದು 230 ವೋಲ್ಟ್, 50 ಹರ್ಟ್ಜ್. ಹಾಗಾಗಿ ಇಲ್ಲಿ ಹಳೆಯ ಆಂಪ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಇದು ಯಾವ ದೇಶದ ಕರೆಂಟಿಗೆ ಹುಟ್ಟಿದ್ದು?’ ಎಂಬುದು.

ಈ ಬರಹದ ಉದ್ದಕ್ಕೂ ಎರಡೇ ಮಾತನ್ನು ಹೇಳಲಿದ್ದೇನೆ. ಮೊದಲು ರಿಪೇರಿ, ಆಮೇಲೆ ಅಪ್‌ಗ್ರೇಡ್. ಮಾಡಿದ ಕೆಲಸ ಯಾವುದೇ ಇರಲಿ, ಮುಂದಿನವರು ಅದನ್ನು ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಿರಬೇಕು.

ಜಾಲಹಳ್ಳಿಯ ಗಾಜು

ವಾಲ್ವ್ ಎಂದರೆ ಕನ್ನಡಿಗರಿಗೆ ಹೊಸದಲ್ಲ. ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೋಗಳ ಕಿವಿ ತಿರುಗಿಸಿ, ಒಳಗಿನ ದೀಪ ಕೆಂಪಾಗಿ ದನಿ ಹೊರಡುವವರೆಗೆ ಕಾದು ಕುಳಿತ ತಲೆಮಾರು ನಮ್ಮ ಮನೆಗಳಲ್ಲಿ ಇನ್ನೂ ಇದೆ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರು ಮಾಡಿದ ಆಕಾಶವಾಣಿ ಮಾತಾಡಿದ್ದೂ ವಾಲ್ವಿನ ಬಲದಿಂದಲೇ. ವಾಲ್ವಿನ ಜಾಗಕ್ಕೆ ಬಂದ ಟ್ರಾನ್ಸಿಸ್ಟರ್ ಹುಟ್ಟಿದ್ದೇ ಆಮೇಲೆ, 1947ರ ಡಿಸೆಂಬರಿನಲ್ಲಿ.

ಇದಕ್ಕಿಂತ ಹೆಮ್ಮೆಯ ಸಂಗತಿ ಇನ್ನೊಂದಿದೆ. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತು. ಮರುವರ್ಷ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳೂ ಅಲ್ಲಿಂದ ಹೊರಬಂದವು, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್‌ಗಳು. ರೇಡಿಯೋಗೆಂದು ಮಾಡಿದ ಬಿಇಎಲ್‌ನ ಇಸಿಸಿ83 ಮತ್ತು ಇಎಲ್84 ವಾಲ್ವ್‌ಗಳು ಮುಂದೆ ಹೊರದೇಶಗಳ ಗಿಟಾರ್ ವಾದಕರ ಕೈಗೂ ತಲುಪಿದವು. ಇಂದಿಗೂ ಹಳೆಯ ದಾಸ್ತಾನಿನ ಬಿಇಎಲ್ ವಾಲ್ವನ್ನು ಹುಡುಕಿ ಕೊಳ್ಳುವವರಿದ್ದಾರೆ.

ಆ ಗಾಜಿನ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಕಲಿತಂತೆ. ಇದು ಯುರೋಪಿನ ಪದ್ಧತಿ. ಮೊದಲಿನ ‘ಇ’ ಎಂದರೆ ಹೀಟರಿಗೆ 6.3 ವೋಲ್ಟ್ ಬೇಕು. ‘ಜಿ’ ಇದ್ದರೆ 5 ವೋಲ್ಟ್. ‘ಸಿ’ ಎಂದರೆ ಟ್ರಯೋಡ್, ‘ಸಿಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ‘ಎಲ್’ ಎಂದರೆ ಸ್ಪೀಕರನ್ನು ನಡೆಸುವ ಪವರ್ ವಾಲ್ವ್. ‘ಝಡ್’ ಎಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಮೆರಿಕದವರು ಇದೇ ಇಸಿಸಿ83ಯನ್ನು 12ಎಎಕ್ಸ್7 ಎನ್ನುತ್ತಾರೆ. ಹೆಸರು ಬೇರೆ, ಕಾಲುಗಳ ಜೋಡಣೆ ಒಂದೇ.

ಆ ನಾದ ಎಲ್ಲಿಂದ ಬರುತ್ತದೆ

ವಾಲ್ವಿನ ಒಳಗೆ ನಡೆಯುವುದು ಇಷ್ಟು. ಹೀಟರ್ ಬಿಸಿಯಾಗಿ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಎದುರಿನ ಪ್ಲೇಟಿಗೆ ನೂರಾರು ವೋಲ್ಟ್ ಕೊಟ್ಟಿರುವುದರಿಂದ ಅವು ಅತ್ತ ಹಾರುತ್ತವೆ. ನಡುವೆ ತೆಳು ತಂತಿಯ ಗ್ರಿಡ್. ಗಿಟಾರಿನಿಂದ ಬಂದ ಪುಟ್ಟ ಸಿಗ್ನಲ್ಲು ಗ್ರಿಡ್ಡಿಗೆ ಸೇರಿದಾಗ, ಆ ಅಲ್ಪ ಏರಿಳಿತವೇ ಪ್ಲೇಟಿನ ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಮಾಡಿದ ಆಡಿಯಾನ್‌ನಿಂದ ಇಂದಿನವರೆಗೂ ತತ್ವ ಇದೇ.

ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ಸ್ವಚ್ಛವಾಗಿ ಬರುತ್ತದೆ, ಬಲವಾಗಿ ಮೀಟಿದರೆ ವಾಲ್ವ್ ತನ್ನ ಮಿತಿ ತಲುಪಿ ಅಲೆಯ ತುದಿಯನ್ನು ನಿಧಾನವಾಗಿ ಉರುಟು ಮಾಡುತ್ತದೆ. ಮೂಲ ಸ್ವರದ ಜೊತೆ ಅದರ ಮೇಲಿನ ಸ್ವರಗಳೂ ಸೇರಿ ನಾದ ದಟ್ಟವಾಗುತ್ತದೆ. ವಾದಕನ ಬೆರಳಿನ ಒತ್ತಡಕ್ಕೆ ಆಂಪ್ ಉತ್ತರ ಕೊಡುತ್ತದೆ. ಗಿಟಾರಿನವರು ಇಂದಿಗೂ ವಾಲ್ವನ್ನು ಬಿಡದಿರುವುದಕ್ಕೆ ಕಾರಣ ಇದೇ.

ಅಮೆರಿಕದಲ್ಲಿ ಲಿಯೋ ಫೆಂಡರ್ ಕಟ್ಟಿದ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಆಧಾರವಾಗಿಟ್ಟು ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ 1962ರ ಹೊತ್ತಿಗೆ ಜೆಟಿಎಂ45 ಹುಟ್ಟಿತು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್‌ನಲ್ಲಿ ವಾಕ್ಸ್ ಕಂಪನಿಯ ಎಸಿ30 ಬಂತು. ಅದರಲ್ಲಿ ನಾಲ್ಕು ಇಎಲ್84. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಗಿಟಾರನ್ನು ಕೇಳಿ ಬೆಳೆದವರು, ‘ಕೊಂಕಣ್ ಕೋಗುಳ್’ ವಿಲ್ಫಿ ರೆಬಿಂಬಸ್ ಅವರ ಹಾಡುಗಳಿಗೆ ಗಿಟಾರ್ ಹಿಡಿದ ಮಂಗಳೂರಿನ ಹುಡುಗರು, ಚರ್ಚಿನ ಗಾಯನ ತಂಡದಲ್ಲಿ ಕಲಿತವರು ದುಬೈನಲ್ಲಿ ಬೇಕಾದಷ್ಟಿದ್ದಾರೆ. ಊರಿನಲ್ಲಿ ಅವರ ಕೈಗೆಟುಕದಿದ್ದ ಇಂಥ ಪೆಟ್ಟಿಗೆ ಇಲ್ಲಿ ಮನೆ ಖಾಲಿ ಮಾಡುವವರಿಂದ ಸಿಗುತ್ತದೆ.

ಮೇಜಿನ ಮೇಲೆ ಒಂದು ಡಿಲಕ್ಸ್ ರಿವರ್ಬ್

ಉದಾಹರಣೆಗೆ 1963ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಡಿಲಕ್ಸ್ ರಿವರ್ಬ್ ತೆಗೆದುಕೊಳ್ಳೋಣ. ಸುಮಾರು 22 ವಾಟ್, ಒಂದು 12 ಇಂಚಿನ ಸ್ಪೀಕರ್, ಒಟ್ಟು ಒಂಬತ್ತು ವಾಲ್ವ್. ನಾಲ್ಕು 12ಎಎಕ್ಸ್7, ಎರಡು 12ಎಟಿ7, ಎರಡು 6ವಿ6 ಪವರ್ ವಾಲ್ವ್, ಒಂದು ಜಿಝಡ್34 ರೆಕ್ಟಿಫೈಯರ್. ಒಳಗಿನ ಡಿಸಿ ವೋಲ್ಟೇಜು 400ಕ್ಕೂ ಮೇಲೆ.

ಈ ಅಂಕಿಯನ್ನು ಕಡೆಗಣಿಸುವಂತಿಲ್ಲ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳು ಆ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳಬಲ್ಲವು. ಅದು ಪ್ರಾಣ ತೆಗೆಯುತ್ತದೆ. ಹಿಂದೆ ಇಂಥ ಕೆಲಸ ಮಾಡಿಲ್ಲದವರು ಷಾಸಿಯನ್ನು (ಬಿಡಿಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು) ತೆರೆಯಬೇಡಿ, ಬಲ್ಲವರ ಪಕ್ಕ ಕೂತು ಕಲಿಯಿರಿ. ತೆರೆಯುವವರು ಪ್ಲಗ್ ತೆಗೆದು, 10 ಕಿಲೋ ಓಮ್, 10 ವಾಟಿನ ರೆಸಿಸ್ಟರನ್ನು ಚೆನ್ನಾಗಿ ಇನ್ಸುಲೇಟ್ ಮಾಡಿದ ತಂತಿಗೆ ಕಟ್ಟಿ, ಪ್ರತಿ ಕಂಡೆನ್ಸರನ್ನೂ ಷಾಸಿಗೆ ಖಾಲಿ ಮಾಡಬೇಕು. ಆಮೇಲೆ ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಒಳಗೆ. ಚಾಲೂ ಇರುವಾಗ ಅಳೆಯಬೇಕಾಗಿ ಬಂದರೆ ಒಂದು ಕೈ ಬೆನ್ನ ಹಿಂದೆ ಇರಲಿ.

ಮೊದಲ ಕೆಲಸ ಅರ್ತಿಂಗ್. ಆ ಕಾಲದ ಅಮೆರಿಕದ ಆಂಪ್‌ಗಳಲ್ಲಿ ಎರಡೇ ತಂತಿಯ ವೈರು. ಗುಂಯ್ ಎನ್ನುವ ಹಮ್ ಕಡಿಮೆ ಮಾಡಲೆಂದು ಗ್ರೌಂಡ್ ಸ್ವಿಚ್ಚಿನಿಂದ ಷಾಸಿಗೆ 0.047 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್ ಇಟ್ಟಿರುತ್ತಾರೆ. ಅದು ಶಾರ್ಟ್ ಆದರೆ ಮೇನ್ಸ್ ವೋಲ್ಟೇಜು ಷಾಸಿಗೆ, ಅಲ್ಲಿಂದ ಗಿಟಾರಿನ ತಂತಿಗೆ, ಅಲ್ಲಿಂದ ನುಡಿಸುವವರ ಮೈಗೆ. ಮೃತ್ಯು ಕಂಡೆನ್ಸರ್ ಎಂಬ ಕುಖ್ಯಾತಿ ಅದಕ್ಕೆ ಸುಮ್ಮನೆ ಬಂದಿಲ್ಲ. ಅದನ್ನು ತೆಗೆದು, ಮೂರು ತಂತಿಯ ವೈರು ಹಾಕಿ, ಹಸಿರು-ಹಳದಿ ತಂತಿಗೆ ಷಾಸಿಯಲ್ಲಿ ಪ್ರತ್ಯೇಕ ಬೋಲ್ಟ್ ಕೊಡಬೇಕು. ಫ್ಯೂಸು ಮತ್ತು ಸ್ವಿಚ್ಚು ಎರಡೂ ಫೇಸ್ ತಂತಿಯಲ್ಲೇ ಬರಬೇಕು. ಸ್ವಂತಿಕೆ ಉಳಿಸಬೇಕೆನ್ನುವವರು ಬೇರೆಲ್ಲಿ ಬೇಕಾದರೂ ಉಳಿಸಲಿ, ಇಲ್ಲಿ ಬೇಡ.

230 ವೋಲ್ಟಿನ ಊರಿನಲ್ಲಿ 120ರ ಅತಿಥಿ

ಅಮೆರಿಕದ ಆಂಪನ್ನು ಇಲ್ಲಿ ನಡೆಸಲು ಎರಡು ದಾರಿ. ಒಂದು, ಹೊರಗೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ಸಿಗುವ ಅಗ್ಗದವುಗಳಲ್ಲಿ ಔಟ್‌ಪುಟ್ ಸಾಕೆಟ್ಟಿಗೆ ಅರ್ತ್ ಇರುವುದಿಲ್ಲ. ಆಗ ನೀವು ಕಷ್ಟಪಟ್ಟು ಹಾಕಿದ ಮೂರನೇ ತಂತಿಗೆ ಅರ್ಥವೇ ಉಳಿಯುವುದಿಲ್ಲ. ಗೋಡೆಯ ಅರ್ತ್ ಪಿನ್ನಿನಿಂದ ಆಂಪಿನ ಷಾಸಿಯವರೆಗೆ ಮೀಟರ್ ಹಿಡಿದು ಸಂಪರ್ಕ ಇದೆಯೇ ಎಂದು ನೋಡಿಯೇ ಕೊಳ್ಳಿ. 300ರಿಂದ 500 ವಿಎ ಸಾಮರ್ಥ್ಯ ಈ ಆಂಪಿಗೆ ಸಾಕು. ಗೋಡೆಗೆ ಹಾಕುವ ಚೌಕ ಮೂರು ಪಿನ್ನಿನ ಪ್ಲಗ್ಗಿನೊಳಗೆ ಸಾಮಾನ್ಯವಾಗಿ 13 ಆಂಪಿಯರ್ ಫ್ಯೂಸ್ ಇರುತ್ತದೆ. ಇಷ್ಟು ಸಣ್ಣ ಹೊರೆಗೆ 3 ಆಂಪಿಯರ್ ಹಾಕುವುದು ಸರಿ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜ್ ಅನ್ನು ಬದಲಿಸುವುದಿಲ್ಲ. 60 ಹರ್ಟ್ಜ್‌ಗೆಂದು ಲೆಕ್ಕ ಹಾಕಿ ಮಾಡಿದ ಕಬ್ಬಿಣದ ಕೋರ್ 50 ಹರ್ಟ್ಜ್‌ನಲ್ಲಿ ಶೇ. 20ರಷ್ಟು ಹೆಚ್ಚು ಕಾಂತೀಯ ಹೊರೆ ಹೊರಬೇಕಾಗುತ್ತದೆ, ಬೇಗ ಬಿಸಿಯಾಗುತ್ತದೆ. ಮೊದಲ ದಿನ ಒಂದು ಗಂಟೆ ನಡೆಸಿ, ಒಳಗಿನ ಪವರ್ ಟ್ರಾನ್ಸ್‌ಫಾರ್ಮರಿನ ಬಿಸಿಯನ್ನು ನಡುನಡುವೆ ಗಮನಿಸಿ. ಮೇಣ ಕರಗುವ ವಾಸನೆ ಬಂದರೆ ಕೂಡಲೇ ನಿಲ್ಲಿಸಿ.

ಎರಡನೇ ದಾರಿ, 50 ಹರ್ಟ್ಜ್‌ಗೆ ಹೊಂದುವ, 230 ವೋಲ್ಟಿನ ಟ್ಯಾಪ್ ಇರುವ ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಕೂರಿಸುವುದು. ಕೆನಡಾದ ಹ್ಯಾಮಂಡ್ ಕಂಪನಿ ಇಂಥವನ್ನು ಮಾಡುತ್ತದೆ. ಇಲ್ಲಿ ಹಲವು ವರ್ಷ ಇರುವವರಿಗೆ, ನಾಳೆ ಬೆಂಗಳೂರಿಗೆ ಒಯ್ಯುವವರಿಗೆ ಇದೇ ಒಳ್ಳೆಯದು. ಮೇನ್ಸ್ ಫ್ಯೂಸನ್ನು 120 ವೋಲ್ಟಿನಲ್ಲಿದ್ದುದರ ಅರ್ಧಕ್ಕೆ ಇಳಿಸಬೇಕು. ತೆಗೆದ ಹಳೆಯ ಟ್ರಾನ್ಸ್‌ಫಾರ್ಮರನ್ನು ಎಸೆಯದೆ, ಬಟ್ಟೆಯಲ್ಲಿ ಸುತ್ತಿ, ಆಂಪಿನ ಜೊತೆಗೇ ಇಡಿ.

‘ಮೊದಲು ಬಲ್ಬ್ ಹಾಕು ಮಾರಾಯ’

ನಮ್ಮ ಕಟ್ಟಡದಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಊರಿನಲ್ಲಿ ರೇಡಿಯೋ ರಿಪೇರಿ ಕಲಿತು, ಗಲ್ಫಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ, ಈಗ ಮಗನ ಮನೆಯಲ್ಲಿ ಇರುವವರು. ಹೊಸದಾಗಿ ಆಂಪ್ ತಂದ ಮೈಸೂರಿನ ಹುಡುಗ, ‘ಅಣ್ಣ, ಒಂದ್ಸಲ ಆನ್ ಮಾಡಿ ನೋಡ್ಲಾ?’ ಎಂದಾಗ ಅವರು ಕೈ ಹಿಡಿದು ತಡೆದರು. ‘ಬೇಡ. ಮೊದಲು ಬಲ್ಬ್ ಹಾಕು ಮಾರಾಯ. ಅದು ಹೇಳ್ತದೆ.’

ಅವರು ಹೇಳಿದ್ದು ಸೀರೀಸ್ ಬೋರ್ಡ್. ಮೇನ್ಸ್ ಮತ್ತು ಆಂಪಿನ ನಡುವೆ 60 ಅಥವಾ 100 ವಾಟಿನ ಫಿಲಮೆಂಟ್ ಬಲ್ಬ್ ಸರಣಿಯಲ್ಲಿ ಬರುವಂತೆ ಮಾಡಿದ ಹಲಗೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ವಾಲ್ವ್‌ಗಳನ್ನೆಲ್ಲ ತೆಗೆದು ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಪವರ್ ಟ್ರಾನ್ಸ್‌ಫಾರ್ಮರ್ ಸರಿಯಿದೆ ಎಂದು ಲೆಕ್ಕ. ಜಗಮಗಿಸುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆದರೆ ಆಂಪ್ ಸುಟ್ಟಿಲ್ಲ, ಬಲ್ಬ್ ಅದನ್ನು ಕಾಪಾಡಿದೆ. ಆಮೇಲೆ ರೆಕ್ಟಿಫೈಯರ್, ನಂತರ ಸಣ್ಣ ವಾಲ್ವ್‌ಗಳು, ಕೊನೆಗೆ ಪವರ್ ವಾಲ್ವ್‌ಗಳು, ಹೀಗೆ ಹಂತಹಂತವಾಗಿ ಹಾಕುತ್ತ ಬಲ್ಬನ್ನು ನೋಡುತ್ತ ಹೋಗಬೇಕು. ಸ್ಪೀಕರ್ ಸಿಕ್ಕಿಸದೆ ಮಾತ್ರ ಚಾಲೂ ಮಾಡಬಾರದು. ಹೊರೆ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ವಿಪರೀತ ವೋಲ್ಟೇಜು ಎದ್ದು ಅದರ ಇನ್ಸುಲೇಶನ್ನೇ ಒಡೆಯಬಹುದು.

ಹಳೆಯ ಆಂಪಿನಲ್ಲಿ ಕಣ್ಣು ಮುಚ್ಚಿ ಬದಲಿಸಬಹುದಾದವು ಎಲೆಕ್ಟ್ರೊಲೈಟಿಕ್ ಕಂಡೆನ್ಸರ್‌ಗಳು ಮಾತ್ರ. ಒಳಗಿನ ದ್ರವ ಒಣಗುತ್ತದೆ, ನಡೆಯದೆ ಬಿದ್ದಿದ್ದರೆ ಆಕ್ಸೈಡ್ ಪದರ ತೆಳುವಾಗುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜುಲೈನಲ್ಲಿ ಏಸಿ ಆರಿಸಿ ಊರಿಗೆ ಹೋಗುವ ದುಬೈ ಮನೆಗಳಲ್ಲಿ, ಬಾಲ್ಕನಿಯಲ್ಲಿ, ಕಾರಿನ ಡಿಕ್ಕಿಯಲ್ಲಿ ಹಳೆಯ ಆಂಪ್ ಇಡಬಾರದು ಎನ್ನುವುದು ಇದಕ್ಕೇ. ಡಿಲಕ್ಸ್ ರಿವರ್ಬಿನಲ್ಲಿದ್ದ 16 ಮೈಕ್ರೋಫ್ಯಾರಡ್, 450 ವೋಲ್ಟಿನವುಗಳ ಜಾಗಕ್ಕೆ ಇಂದು ಸಿಗುವ 16 ಅಥವಾ 22 ಮೈಕ್ರೋಫ್ಯಾರಡ್, 500 ವೋಲ್ಟಿನವು ಸರಿಹೊಂದುತ್ತವೆ. ದೊಡ್ಡದು ಹಾಕಿದರೆ ಒಳ್ಳೆಯದೆಂದು ಏರಿಸುತ್ತ ಹೋಗಬೇಡಿ. ಜಿಝಡ್34ರ ಮುಂದಿನ ಮೊದಲ ಕಂಡೆನ್ಸರಿಗೆ 60 ಮೈಕ್ರೋಫ್ಯಾರಡ್ ಗರಿಷ್ಠ ಮಿತಿ. ಬಯಸ್ ಸರ್ಕ್ಯೂಟಿನ (ಬಯಸ್ ಏನೆಂದು ಮುಂದೆ ಹೇಳುತ್ತೇನೆ) ಪುಟ್ಟ ಕಂಡೆನ್ಸರನ್ನು ಹಲವರು ಮರೆಯುತ್ತಾರೆ. ಅದು ಸತ್ತರೆ ಪವರ್ ವಾಲ್ವ್‌ಗಳೂ ಅದರ ಹಿಂದೆಯೇ ಹೋಗುತ್ತವೆ.

ಹಮ್ಮಿಗೂ ಒಂದು ಶ್ರುತಿ

ದೋಷ ಹುಡುಕುವಾಗ ಕಿವಿಯೇ ಮೊದಲ ಮೀಟರ್. ಹಮ್ ಎಂಬ ಗುಂಯ್ ಸದ್ದನ್ನೇ ನೋಡಿ. ದುಬೈ ಮತ್ತು ಬೆಂಗಳೂರು ಎರಡೂ 50 ಹರ್ಟ್ಜ್‌ನ ಊರುಗಳು. ಫಿಲ್ಟರ್ ಕಂಡೆನ್ಸರ್ ಒಣಗಿದ್ದರೆ ರೆಕ್ಟಿಫೈಯರ್ ದಾಟಿ ಬರುವ ಹಮ್ 100 ಹರ್ಟ್ಜ್‌ನದು. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿ ಮೀಟಿ. ಅದು ಜಿ ಸ್ವರ, 98 ಹರ್ಟ್ಜ್. ಆಂಪಿನ ಹಮ್ ಆ ಸ್ವರಕ್ಕೆ ಕೂದಲೆಳೆಯಷ್ಟು ಮೇಲೆ ನಿಂತರೆ ಕಂಡೆನ್ಸರಿನ ಮೇಲೆ ಅನುಮಾನ ಪಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಜ್. ಹೀಟರ್ ತಂತಿ, ಕೇಬಲ್, ಗ್ರೌಂಡಿಂಗ್ ನೋಡಿ. ಅಮೆರಿಕದ ಪುಸ್ತಕಗಳಲ್ಲಿ 60 ಮತ್ತು 120 ಎಂದು ಬರೆದಿರುತ್ತದೆ, ಇಲ್ಲಿ ಅದು ಲಾಗೂ ಆಗುವುದಿಲ್ಲ.

ವಾಲ್ಯೂಮ್ ತಿರುಗಿಸಿದಂತೆ ಹಮ್ಮೂ ಏರಿದರೆ ದೋಷ ವಾಲ್ಯೂಮಿಗಿಂತ ಮುಂಚಿನ ಹಂತದಲ್ಲಿದೆ. ಏರದಿದ್ದರೆ ಅದರ ನಂತರ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದಾಗ ಹಮ್ ಹೆಚ್ಚುಕಡಿಮೆಯಾದರೆ ಆಂಪಿನ ತಪ್ಪಿಲ್ಲ. ಮನೆಯ ಡಿಮ್ಮರ್ ದೀಪವನ್ನೋ ಚಾರ್ಜರನ್ನೋ ಗಿಟಾರಿನ ಪಿಕಪ್ ಹಿಡಿಯುತ್ತಿದೆ.

ಎರಡನೇ ಉಪಾಯ, ವಾಲ್ವ್ ಕಿತ್ತು ನೋಡುವುದು. ಸ್ವಿಚ್ ಆರಿಸಿ, ಆರಲು ಬಿಟ್ಟು, ಮೊದಲ ವಾಲ್ವ್ ತೆಗೆಯಿರಿ. ಸದ್ದು ನಿಂತಿತೇ? ದೋಷ ಅಲ್ಲಿಯೇ. ನಿಲ್ಲಲಿಲ್ಲವೇ? ಮುಂದಿನದು. ಪವರ್ ವಾಲ್ವ್‌ಗಳಿಗೆ ಮುಂಚಿನ ಫೇಸ್ ಇನ್ವರ್ಟರನ್ನು ತೆಗೆದ ಮೇಲೂ ಸದ್ದು ಉಳಿದರೆ ಪವರ್ ವಾಲ್ವ್ ಅಥವಾ ಪವರ್ ಸಪ್ಲೈ ಕಡೆ ಹೊರಳಿ. ಒಂಬತ್ತು ವಾಲ್ವನ್ನೂ ಒಟ್ಟಿಗೆ ಬದಲಿಸಿ ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಚಟಪಟ ಸದ್ದು ಬೇರೆ ಕತೆ. ಸಾಕೆಟ್ಟು ಮತ್ತು ವಾಲ್ಯೂಮ್, ಟೋನ್ ತಿರುಗಿಸುವ ಪಾಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಮೇಲೂ ಹೋಗದಿದ್ದರೆ 100 ಕಿಲೋ ಓಮಿನ ಪ್ಲೇಟ್ ರೆಸಿಸ್ಟರ್‌ಗಳನ್ನು ನೋಡಿ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ತೇವ ಹೀರಿ ಮೌಲ್ಯ ಬದಲಿಸುತ್ತವೆ. ಹೋಟೆಲಿನಿಂದ ಊಟದ ಜೊತೆ ಬಂದ ಮರದ ಚಾಪ್‌ಸ್ಟಿಕ್ ಇದಕ್ಕೆ ಒಳ್ಳೆಯ ಸಲಕರಣೆ. ಚಾಲೂ ಇರುವ ಆಂಪಿನಲ್ಲಿ ಒಣ ಮರದ ತುದಿಯಿಂದ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ತಟ್ಟಿದರೆ, ಕೆಟ್ಟದ್ದು ಸ್ಪೀಕರಿನಲ್ಲಿ ತಾನೇ ಕೂಗಿ ಹೇಳುತ್ತದೆ. ಫೆಂಡರಿನ ಕಪ್ಪು ಫೈಬರ್ ಬೋರ್ಡಿಗೂ ತೇವದ ಕಾಟ ಉಂಟು. ಮೇಣ ಹಚ್ಚಿದ ಆ ಬೋರ್ಡ್ ಕಡಲತೀರದ ಹವೆಯಲ್ಲಿ ತೇವ ಹಿಡಿದರೆ ತಾನೇ ಕರೆಂಟು ಹರಿಸತೊಡಗುತ್ತದೆ. ದುಬೈನ ಆಗಸ್ಟ್, ಮಂಗಳೂರಿನ ಮಳೆಗಾಲ, ಎರಡೂ ಅದಕ್ಕೆ ಆಗದು. ಬಿಡಿಭಾಗಗಳಿಲ್ಲದ ಖಾಲಿ ಜಾಗದಲ್ಲಿ ಮೀಟರಿನ ಮೊನೆಯಿಟ್ಟಾಗ ವೋಲ್ಟ್ ತೋರಿಸಿದರೆ ಬೋರ್ಡ್ ಸೋರುತ್ತಿದೆ ಎಂದರ್ಥ. ಹೇರ್ ಡ್ರೈಯರಿನಿಂದ ಹದವಾಗಿ ಒಣಗಿಸಿ ನೋಡಿ, ಸದ್ದು ಬದಲಾದರೆ ಕಾರಣ ಸಿಕ್ಕಿತು.

ಪವರ್ ವಾಲ್ವಿನ ಪ್ಲೇಟ್ ಕೆಂಪೇರಿದರೆ ಒಂದು ಕ್ಷಣವೂ ತಡ ಮಾಡದೆ ಆರಿಸಿ. ಬಯಸ್ ವೋಲ್ಟೇಜು ಬರುತ್ತಿಲ್ಲ, ಇಲ್ಲವೇ ವಾಲ್ವಿನ ಹಿಂದಿನ, ಸಿಗ್ನಲ್ಲನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಡಿಸಿ ಸೋರುತ್ತಿದೆ. ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಬಿಚ್ಚಿ, ಆ ಕಾಲಿನಲ್ಲಿ ಡಿಸಿ ಅಳೆಯಿರಿ. ಸೊನ್ನೆಯ ಹತ್ತಿರ ಇಳಿದು ನಿಲ್ಲಬೇಕು. ನಿಲ್ಲದಿದ್ದರೆ ಅದನ್ನೊಂದನ್ನೇ ಬದಲಿಸಿ.

24 ಮಿಲಿವೋಲ್ಟಿನ ಲೆಕ್ಕ

ಬಯಸ್ ಎಂದರೆ ನುಡಿಸದೇ ಇರುವಾಗ ಪವರ್ ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯಬೇಕೆಂಬ ಹೊಂದಾಣಿಕೆ. ಗ್ಯಾಸ್ ಒಲೆಯನ್ನು ಸಿಮ್‌ನಲ್ಲಿ ಇಡುವ ಹಾಗೆ: ತೀರಾ ಸಣ್ಣದಾದರೆ ನಾದ ತಣ್ಣಗೆ, ಬರಡು, ದೊಡ್ಡದಾದರೆ ವಾಲ್ವ್ ಬೇಗ ಸುಟ್ಟು ಹೋಗುತ್ತದೆ.

ಲೆಕ್ಕ ಸರಳ. 6ವಿ6ಜಿಟಿ ವಾಲ್ವಿನ ಪ್ಲೇಟ್ ತಾಳುವ ಗರಿಷ್ಠ ಶಾಖ 14 ವಾಟ್. ಅದರ ಶೇ. 70, ಅಂದರೆ 9.8 ವಾಟ್ ದಾಟದಂತೆ ಇಡುವುದು ರೂಢಿ. ಪ್ಲೇಟಿನಲ್ಲಿ 415 ವೋಲ್ಟ್ ಇದ್ದರೆ 9.8ನ್ನು 415ರಿಂದ ಭಾಗಿಸಿ: ವಾಲ್ವ್ ಒಂದಕ್ಕೆ ಹತ್ತಿರ ಹತ್ತಿರ 24 ಮಿಲಿಆಂಪಿಯರ್. ಪ್ರತಿ ಪವರ್ ವಾಲ್ವಿನ ಕ್ಯಾಥೋಡಿಗೆ 1 ಓಮ್ ರೆಸಿಸ್ಟರ್ ಸೇರಿಸಿಟ್ಟರೆ ಅದರ ಮೇಲಿನ ಪ್ರತಿ ಮಿಲಿವೋಲ್ಟ್ ಒಂದು ಮಿಲಿಆಂಪಿಯರಿಗೆ ಸಮ. ಮೀಟರಿನಲ್ಲಿ 24 ಮಿಲಿವೋಲ್ಟ್ ಕಂಡರೆ ಅಲ್ಲಿಗೇ ಮಿತಿ. ಎರಡು ವಾಲ್ವ್‌ಗಳ ನಡುವೆ ದೊಡ್ಡ ಅಂತರ ಬಂದರೆ ಅವು ಜೋಡಿಯಲ್ಲ. ಈ ಎರಡು ಪುಟ್ಟ ರೆಸಿಸ್ಟರ್‌ಗಳೇ ಹಳೆಯ ಡಿಲಕ್ಸಿಗೆ ಮಾಡಬಹುದಾದ ಅತ್ಯುತ್ತಮ ಅಪ್‌ಗ್ರೇಡ್. ನಾದ ಕೆಡುವುದಿಲ್ಲ, ಮುಂದಿನ ಸಲ ವಾಲ್ವ್ ಬದಲಿಸುವವರಿಗೆ ಷಾಸಿಯಲ್ಲಿ ತಡಕಾಡುವ ಕೆಲಸ ತಪ್ಪುತ್ತದೆ.

ಗೋಪುರದಲ್ಲಿ ನುಡಿಸುವುದು

22 ವಾಟ್ ಎಂದರೆ ಸಣ್ಣದೆನಿಸಬಹುದು. ಫ್ಲ್ಯಾಟಿನಲ್ಲಿ ಅದನ್ನು ಪೂರ್ತಿ ತಿರುಗಿಸಿದರೆ ಮೇಲಿನ, ಕೆಳಗಿನ, ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬರುತ್ತಾರೆ. ವಾಟನ್ನು ಅರ್ಧ ಮಾಡಿದರೆ ಸದ್ದು ಅರ್ಧವಾಗುತ್ತದೆಂದು ತಿಳಿಯಬೇಡಿ. ಅರ್ಧ ವಾಟ್ ಎಂದರೆ 3 ಡೆಸಿಬೆಲ್ ಇಳಿಕೆ ಅಷ್ಟೇ; ಕಿವಿಗೆ ಸದ್ದು ಅರ್ಧವೆನಿಸಲು 10 ಡೆಸಿಬೆಲ್ ಇಳಿಯಬೇಕು. ಆದ್ದರಿಂದ ಸ್ಪೀಕರಿಗೆ ಮೊದಲು, ಅದಕ್ಕೆ ಹೋಗುವ ಬಲವನ್ನು ತಗ್ಗಿಸುವ ಒಂದು ಅಟೆನ್ಯುಯೇಟರ್ ಹಾಕುವುದು ಸರಿಯಾದ ದಾರಿ. ಅದರ ಓಮ್ ಆಂಪಿನ ಓಮಿಗೆ ಸರಿಯಾಗಿರಬೇಕು, ವಾಟ್ ಆಂಪಿನದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಆಂಪನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲಿಟ್ಟರೆ ಕೆಳಮನೆಗೆ ಇಳಿಯುವ ಕಂಪನವೂ ಕಡಿಮೆಯಾಗುತ್ತದೆ.

ನಾದವನ್ನೇ ಬದಲಿಸಬೇಕೆಂದಿದ್ದರೆ ಮೊದಲು ಸ್ಪೀಕರ್ ಬದಲಿಸಿ ಕೇಳಿ. ನಾಲ್ಕು ನಟ್ಟು, ಎರಡು ತಂತಿ, ಬೇಡವಾದರೆ ಹಳೆಯದು ಮರಳಿ ಕೂರುತ್ತದೆ. ಎರಡನೆಯದು ಮೊದಲ ಹಂತದ ವಾಲ್ವ್. ಹೊಸ ವಾಲ್ವ್‌ಗಳು ಇಂದು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತವೆ: ಸ್ಲೊವಾಕಿಯಾದ ಚಾಡ್ಸಾ ಊರಿನ ಜೆಜೆ, ರಷ್ಯದ ಸರಾಟೋವ್, ಮತ್ತು ಚೀನಾ. 2022ರ ಮಾರ್ಚಿನಲ್ಲಿ ರಷ್ಯ ರಫ್ತಿಗೆ ತಡೆ ಹಾಕಿದಾಗ ಕೆಲಕಾಲ ಜಗತ್ತಿನೆಲ್ಲೆಡೆ ಗಿಟಾರಿನವರು ಕಂಗಾಲಾದರು. ಸರಾಟೋವಿನ ವಾಲ್ವ್‌ಗಳು ಮತ್ತೆ ಹೊರಬರತೊಡಗಿದವು, ಆದರೆ ಬಳಸಬಹುದಾದ ಹಳೆಯ ವಾಲ್ವನ್ನು ಕಸಕ್ಕೆ ಎಸೆಯಬಾರದೆಂಬ ಪಾಠ ಉಳಿಯಿತು.

ಮುಂಭಾಗಕ್ಕೆ ಹೊಸ ತೂತು ಕೊರೆಯಬೇಡಿ. ಸೋರದ ಕಪ್ಲಿಂಗ್ ಕಂಡೆನ್ಸರ್‌ಗಳನ್ನು ‘ಹಳೆಯದು’ ಎಂಬ ಒಂದೇ ಕಾರಣಕ್ಕೆ ಕೀಳಬೇಡಿ. ಮೂಲ ಬೆಸುಗೆಯನ್ನು ಅನಗತ್ಯವಾಗಿ ಕರಗಿಸಬೇಡಿ. ಆ ನಾದಕ್ಕಾಗಿಯೇ ಅಲ್ಲವೇ ನೀವು ಅದನ್ನು ಕೊಂಡದ್ದು?

ಕೊಳ್ಳುವ ಮುನ್ನ

• ಹಿಂಬದಿಯ ಪಟ್ಟಿಯಲ್ಲಿ ಯಾವ ವೋಲ್ಟ್, ಯಾವ ಹರ್ಟ್ಜ್ ಎಂದು ಬರೆದಿದೆ? ನೋಡದೆ ಪ್ಲಗ್ ಹಾಕಬೇಡಿ.

• ವೈರು ಎರಡು ತಂತಿಯದೋ ಮೂರು ತಂತಿಯದೋ? ಎರಡಾದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

• ಪವರ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲದ್ದೇ? ಹಳೆಯ ಆಂಪಿನಲ್ಲಿ ದುಬಾರಿ ಭಾಗ ಅವೇ.

• ಫ್ಯೂಸ್ ತೆಗೆದು ನೋಡಿ. ಹೇಳಿದ್ದಕ್ಕಿಂತ ದೊಡ್ಡ ಫ್ಯೂಸ್ ಇದ್ದರೆ ಯಾರೋ ದೋಷವನ್ನು ಮುಚ್ಚಿಟ್ಟಿದ್ದಾರೆ.

• ಅರ್ಧ ಗಂಟೆ ನುಡಿಸಿ. ಬಿಸಿಯಾದ ಮೇಲೆ ಕಾಣುವ ದೋಷಗಳೇ ಹೆಚ್ಚು.

• ತುದಿ ಬಿಳಿಚಿದ ವಾಲ್ವಿನ ಒಳಗೆ ಗಾಳಿ ಹೊಕ್ಕಿದೆ. ತುದಿಯ ಬೆಳ್ಳಿ ಲೇಪ ಹೊಳೆಯುತ್ತಿರಬೇಕು.

ಕೊನೆಯದಾಗಿ ಒಂದು ಕೋರಿಕೆ

ಹಳೆಯ ವಾಲ್ವ್ ಆಂಪಿನಷ್ಟು ಪ್ರಾಮಾಣಿಕವಾದ ಯಂತ್ರಗಳು ಇಂದು ಕಡಿಮೆ. ಪ್ರತಿ ತಂತಿಯೂ ಕಣ್ಣಿಗೆ ಕಾಣುತ್ತದೆ, ಪ್ರತಿ ಬಿಡಿಭಾಗವನ್ನೂ ಕೈಯಿಂದ ಬದಲಿಸಬಹುದು, ಅದರ ನಕ್ಷೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಹಾಡುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಮಾತ್ರ ವೇಗವಾಗಿ ಕೈತಪ್ಪುತ್ತಿದೆ. ವಾಲ್ವ್ ರೇಡಿಯೋ ರಿಪೇರಿ ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ, ಇಲ್ಲಿನ ಮಕ್ಕಳ ಮನೆಗಳಲ್ಲಿ ಸದ್ದಿಲ್ಲದೆ ಕುಳಿತಿದ್ದಾರೆ. ಅವರ ಬಳಿ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ.

ಮುಂದಿನ ಸಲ ರಜೆಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡಿನ ಹಳೆಯ ಅಂಗಡಿಗಳಲ್ಲಿ ಬಿಇಎಲ್ ಎಂದು ಮುದ್ರೆಯಿರುವ ಗಾಜು ಇದೆಯೇ ಎಂದು ವಿಚಾರಿಸಿ. ನಿಮ್ಮ ಮನೆಯ ಅಟ್ಟದ ಮೇಲಿನ ಸತ್ತ ರೇಡಿಯೋದಲ್ಲೂ ಅದು ಇದ್ದೀತು. ಆಂಪನ್ನು ತೆರೆದಾಗಲೆಲ್ಲ ಒಂದು ಚೀಟಿಯಲ್ಲಿ ದಿನಾಂಕ, ಬದಲಿಸಿದ ಭಾಗ, ಅಳೆದ ವೋಲ್ಟ್, ಬಯಸಿನ ಮಿಲಿವೋಲ್ಟ್ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿ. ಕನ್ನಡದಲ್ಲೇ ಬರೆಯಿರಿ. ನಾಳೆ ಅದು ಯಾರ ಕೈಗೆ ಹೋದರೂ ಕೆಲಸ ನಿಮ್ಮಿಂದ ಮುಂದುವರಿಯಲಿ.